ಮಂಗಳವಾರ ರಜೆ

ಮಂಡ್ಯದ ಗುತ್ತಲು ರಸ್ತೆಯಲ್ಲಿ ಅಂಗಡಿ ನನ್ನದು,
ಎರಡು ಕುರ್ಚಿ, ಮೂರು ಕನ್ನಡಿ.
ವಾರವೆಲ್ಲ ಬೀದಿಯ ತಲೆಗಳು ನನ್ನ ಕೈಲಿ.
ಮಂಗಳವಾರ ಮಾತ್ರ ಕತ್ತರಿ ಮುಟ್ಟುವಂತಿಲ್ಲ,
ನಮ್ಮಪ್ಪನ ಕಾಲದಿಂದ ಹಾಗೇ.

ಅದಕ್ಕೇ ಮಂಗಳವಾರ ಹೊರಟೆವು.
ಲಿಖಿತಳಿಗೆ ಜ್ವರ ಅಂತ ಮಿಸ್ಸಿಗೆ ಫೋನು,
ಸುಕನ್ಯ ಕಟ್ಟಿದ ಚಿತ್ರಾನ್ನ,
ಮೈಸೂರಿನ ಪ್ಯಾಸೆಂಜರ್‌ನಲ್ಲಿ
ಕಿಟಕಿ ಪಕ್ಕದ ಸೀಟಿಗೆ ಒಂದು ಯುದ್ಧ.
ಶ್ರೀರಂಗಪಟ್ಟಣದ ಸೇತುವೆ ಬಂದಾಗ
ಹೊಳೆಗೆ ಅಂತ ಒಂದು ರೂಪಾಯಿ ಎಸೆದೆ.
ಕಿಟಕಿ ಕಂಬಿಗೆ ಬಡಿದು ಬೋಗಿಯೊಳಗೇ ಬಿತ್ತು.
‘ಕಾವೇರಿಗೆ ಬ್ಯಾಡ್ವಂತೆ,’
ಮೋಕ್ಷಿ ಎತ್ತಿ ಚಡ್ಡಿ ಜೇಬಿಗಿಟ್ಟ.

ಝೂ ಗೇಟಿಗೆ ಬೀಗ.
ಒಬ್ಬ ಸೆಕ್ಯುರಿಟಿ, ಒಂದು ನಾಯಿ,
ಬೋರ್ಡಿನ ಮೇಲೆ
ನನ್ನ ಅಂಗಡಿ ಷಟರಿನ ಮೇಲಿರುವ ಅವೇ ಎರಡು ಪದ.

ಸುಕನ್ಯ ನನ್ನ ಮುಖ ನೋಡಿದಳು.
ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.
ಕಾರಂಜಿ ಕೆರೆಯೂ ಇವತ್ತು ಬಾಗಿಲಂತೆ.
ಸೆಕ್ಯುರಿಟಿಯವನು ಹೇಳುತ್ತಿದ್ದ, ನಾನು
ಅವನ ಕಿವಿ ಹಿಂದಿನ ಕೂದಲು
ಎಷ್ಟು ಕೆಟ್ಟದಾಗಿ ಕತ್ತರಿಸಿದ್ದಾರೆ ಅಂತ ನೋಡುತ್ತಿದ್ದೆ.
ನಾಚಿಕೆಯಾದರೆ ನಾನು ಹಾಗೇ,
ಜನರ ತಲೆ ನೋಡುತ್ತ ನಿಲ್ಲುತ್ತೇನೆ.

ಮೋಕ್ಷಿ ಗೇಟಿನ ಸಂದಿಗೆ ಕಣ್ಣಿಟ್ಟ.
‘ಯಾರೂ ಇಲ್ವಲ್ಲಪ್ಪ?’
‘ರಜ ಕಣೋ,’ ಒಂದನೇ ಕ್ಲಾಸಿನ ಪಂಡಿತೆ ಅಂದಳು,
‘ಅವೂ ಮಕ್ಳು ಕರ್ಕೊಂಡು ಎಲ್ಗಾದ್ರೂ ಹೋಗಿರ್ತವೆ.’
‘ಎಲ್ಗೆ?’
ಯೋಚಿಸಿದಳು. ಲೆಕ್ಕದ ಪುಸ್ತಕದ ಮುಂದೆ ಯೋಚಿಸುವ ಹಾಗಲ್ಲ,
ನಿಜವಾಗಿ.
‘ಮಂಡ್ಯಕ್ಕೆ.’

ಕಾಂಪೌಂಡಿನ ಪಕ್ಕ ಮಳೆಮರದ ನೆರಳು.
ಅಂಗಡಿಯ ಟವೆಲು ಹಾಸಿದೆ;
ಎಷ್ಟು ಒಗೆದರೂ ಅದಕ್ಕೆ ಶೇವಿಂಗ್ ಕ್ರೀಮಿನ ವಾಸನೆ.
ಸೀಬೆಕಾಯಿಯ ಗಾಡಿಯವಳು ಬಂದಳು:
‘ನಿಮ್ಮಂಥೋರು ವಾರಾ ವಾರಾ ನಾಕು ಮನೆ ಬತ್ತಾರೆ ಕಣಣ್ಣ.’
ಖಾರ ಉಪ್ಪು ಜಾಸ್ತಿ ಹಾಕಿದಳು,
ಕಾಸು ಕಮ್ಮಿ ಮಾಡಲಿಲ್ಲ.

ಗೋಡೆಯಾಚೆ ಯಾವುದೋ ಕೋತಿ
ಹೂಪ್, ಹೂಪ್, ಹೂಪ್ ಅಂತ ಊರೆಲ್ಲ ಕೂಗಿ ಸುಮ್ಮನಾಯಿತು.
ಒಂದು ನವಿಲು.
ಗಾಳಿ ಈ ಕಡೆ ತಿರುಗಿದಾಗ
ಒದ್ದೆ ಹುಲ್ಲು, ಉಚ್ಚೆ, ಹಳೇ ಕಂಬಳಿಯಂಥ ವಾಸನೆ.
‘ಇದು ಆನೆ.’ ‘ಇಲ್ಲ, ಜಿರಾಫೆ.’
‘ಜಿರಾಫೆ ವಾಸ್ನೆ ಅಷ್ಟು ಮೇಲಿಂದ ಕೆಳಗೆ ಬರಲ್ಲ.’
ಜ್ವರ ಬಂದವು ಮಾತ್ರ ಮನೇಲಿ ಉಳಿದಿವೆ ಅಂತ
ಲಿಖಿತ ತೀರ್ಪು ಕೊಟ್ಟಳು,
ತನ್ನ ಸುಳ್ಳು ಜ್ವರ ಮರೆತು.

ಆಗ ಸಿಂಹ.
ಒಂದೇ ಸಲ.
ನೆಲದೊಳಗಿಂದ ಎದ್ದು ಟವೆಲಿನ ಮೂಲಕ ನಮ್ಮ ಮೈಗೆ ಬಂತು.
ಮೋಕ್ಷಿಯ ಬಾಯಲ್ಲಿ ಕಡಲೆಬೀಜ ಹಾಗೇ ನಿಂತಿತು.
ಬೆಳಗಿಂದ ಮೊದಲ ಸಲ
ಸುಕನ್ಯ ನನ್ನ ಮೊಣಕೈ ಹಿಡಿದಳು.

‘ಅದು ಮಂಡ್ಯಕ್ಕೆ ಹೋಗ್ಲಿಲ್ವಾ?’
‘ಹೋಗಿ ವಾಪಸ್ ಬಂದೈತೆ.’
‘ಇಷ್ಟು ಬೇಗ?’
‘ಕಟಿಂಗ್‌ಗೆ ಅಂತ ಹೋಗಿತ್ತು.
ನಮ್ಮಂಗ್ಡಿ ಬಾಗ್ಲು ಹಾಕಿತ್ತು.
ಅದ್ಕೇ ಸಿಟ್ಟು.’

ನಾನು ನಕ್ಕೆ. ಸುಕನ್ಯ ನಕ್ಕಳು,
ಕಣ್ಣಲ್ಲಿ ನೀರು ಬರುವಷ್ಟು,
ಸೆಕ್ಯುರಿಟಿಯವನು ತಿರುಗಿ ನೋಡುವಷ್ಟು.
ಮೋಕ್ಷಿ ನಗಲಿಲ್ಲ.
ಜೇಬಿನ ರೂಪಾಯಿ ತೆಗೆದು
ಕಾಂಪೌಂಡಿನಾಚೆ ಎಸೆದ. ಇದು ಒಳಗೇ ಬಿತ್ತು.
‘ರೈಲ್ ಚಾರ್ಜು,’ ಅಂದ.

ಸಂಜೆ ರೈಲಲ್ಲಿ ಇಬ್ಬರೂ ನಿದ್ದೆ.
ಮಗಳ ನೆತ್ತಿಯಲ್ಲಿ ಎರಡು ಸುಳಿ;
ಹುಟ್ಟಿದಾಗಿನಿಂದ ನಾನೇ ಕತ್ತರಿಸಿದ ಕೂದಲು,
ಇವತ್ತೇ ಸರಿಯಾಗಿ ನೋಡಿದ್ದು.

ಬುಧವಾರ ಷಟರ್ ಎತ್ತಿದಾಗ
ಪಾಲಿಟೆಕ್ನಿಕ್ಕಿನ ಹುಡುಗ ಕಾಯುತ್ತಿದ್ದ,
ಹೆಗಲವರೆಗೆ ಕೂದಲು.
‘ನೆನ್ನೆ ಬಂದಿದ್ದೆ ಕಣಣ್ಣ, ಬಾಗ್ಲು ಹಾಕಿತ್ತು.’
ನೀರು ಚಿಮುಕಿಸುತ್ತ
ಬಾಯಿ ತಪ್ಪಿ ಕೇಳಿಬಿಟ್ಟೆ:
‘ನೀನೊಬ್ನೇ ಇದ್ದಾ?
ಇಲ್ಲಾ, ಬ್ಯಾರೆ ಯಾರಾದ್ರೂ ಕಾಯ್ತಿದ್ರಾ?’