ಜರಡಿ

ಕುಡತಿನಿಯ ಬೂದಿದಿಬ್ಬದ ಪಕ್ಕ
ಮಾಬುನ್ನಿ ಜರಡಿ ಹಿಡಿಯುತ್ತಾಳೆ.
ದಿನಗೂಲಿ. ಮಧ್ಯಾಹ್ನ ಒಂದು ಲೋಟ ಚಹಾ.

ಅಗೆಸುವ ಮೇಷ್ಟ್ರು ನೆರಳಿಗೆ ಬಂದಾಗ ಹೇಳಿದ್ದರು:
ಇಲ್ಲಿ ದನ ಕೂಡುತ್ತಿದ್ದ ಕಾಲಕ್ಕೇ
ಸಿಂಧೂ ದಂಡೆಯಲ್ಲಿ ಊರಿಗೆ ಊರೇ ಸುಟ್ಟ ಇಟ್ಟಿಗೆ,
ದಾರ ಹಿಡಿದು ಎಳೆದಂಥ ಬೀದಿ,
ಮನೆಮನೆಗೂ ಬಚ್ಚಲು, ಮುಚ್ಚಿದ ಚರಂಡಿ;
ಅದಕ್ಕೂ ಆಚೆ, ಎರಡು ಹೊಳೆಗಳ ನಡುವೆ,
ಕುರಿ ಎಷ್ಟು, ಜವೆ ಎಷ್ಟು ಎಂದು
ಹಸಿಮಣ್ಣಿನ ಮೇಲೆ ಲೆಕ್ಕ.

'ಆ ಚರಂಡಿ ಬಳೀತಿದ್ದೋರು ಯಾರು ಸಾರ್?'
ಮೇಷ್ಟ್ರು ಕನ್ನಡಕ ಒರೆಸಿಕೊಂಡರು.
ಸಿಂಧೂ ಲಿಪಿ ಇನ್ನೂ ಯಾರಿಗೂ
ಓದಲು ಬಂದಿಲ್ಲವಂತೆ.

ಇಲ್ಲಿ ಕೋಟೆಯಿಲ್ಲ, ಅಗಸೆಬಾಗಿಲಿಲ್ಲ.
ಸಗಣಿ ಒಟ್ಟಿದರು, ಉರಿ ಹಚ್ಚಿದರು,
ತಣಿದ ಮೇಲೆ ಮತ್ತೆ ಒಟ್ಟಿದರು.
ಕೆಲವು ಕಡೆ ಬೂದಿ ಕರಗಿ ಗಾಜಿನ ಹಾಗೆ ಗಟ್ಟಿ.
ಅಷ್ಟು ಬೆಂಕಿ ಯಾವ ಹಬ್ಬಕ್ಕೆ, ಯಾರ ಮೇಲಿನ ಸಿಟ್ಟಿಗೆ,
ಗೊತ್ತಿಲ್ಲ.

ಜರಡಿಯಲ್ಲಿ ಉಳಿದದ್ದು
ಒಂದು ಎತ್ತಿನ ಹಲ್ಲು,
ಕರಕಲಾದ ಒಂದು ಹುರುಳಿಕಾಳು.
ಬೆಳಿಗ್ಗೆ ಅವಳು ನೆನೆಹಾಕಿ ಬಂದದ್ದೂ ಹುರುಳಿಯೇ.
ಅದನ್ನು ಅಂಗೈ ಮೇಲಿಟ್ಟುಕೊಂಡು
ಸ್ವಲ್ಪ ಹೊತ್ತು ಯಾರನ್ನೂ ಕರೆಯಲಿಲ್ಲ.

ಆಚೆ ಥರ್ಮಲ್ಲಿನ ಚಿಮಣಿ.
ಅಲ್ಲೂ ಬೂದಿ, ಕೆರೆಯಷ್ಟು.
ಆ ಬೂದಿಯ ಇಟ್ಟಿಗೆಯಲ್ಲೇ ಎದ್ದಿದೆ
ಅವಳ ಒಂದೂವರೆ ಕೋಣೆ.
ಗೋಡೆ ನೆಟ್ಟಗಿದೆ, ಬೀದಿ ಸೊಟ್ಟ,
ಚರಂಡಿ ಇನ್ನೂ ಮಂಜೂರಾಗಬೇಕು.

ಸಂಜೆ ಸೆರಗು ಕೊಡವಿ
ಕಾಳನ್ನು ಪೊಟ್ಟಣಕ್ಕೆ ಒಪ್ಪಿಸಿದಳು.
ನಂಬರು ಬರೆದರು.
ಮಸ್ಟರಿನಲ್ಲಿ ಹೆಬ್ಬೆಟ್ಟು ಒತ್ತು ಅಂದರು.
ಶಾಯಿ ತಟ್ಟೆ ಹುಡುಕುವಷ್ಟರಲ್ಲಿ
ಹಾಳೆಯ ಮೇಲೆ ಅವಳ ಬೆರಳಿನ ಬೂದಿ
ಗೆರೆಗೆರೆಯಾಗಿ ಮೂಡಿತ್ತು.