ಕೊಸರು

ಭೌತಶಾಸ್ತ್ರ ಲ್ಯಾಬಿನ ಅಟೆಂಡರ್ ನಾನು, ಪುರ್ಸು ಗುನಗಿ.
ಲೋಲಕದ ಪ್ರಯೋಗಕ್ಕೆಂದು ಕೊಂಡ ಮುಳ್ಳಿನ ಸ್ಟಾಪ್‌ವಾಚು
ನನ್ನ ಕಪಾಟಿನಲ್ಲಿರುವ ತಪ್ಪಿಗೆ
ವರ್ಷಕ್ಕೊಮ್ಮೆ, ವಲಯದ ಬಾಸ್ಕೆಟ್‌ಬಾಲಿಗೆ
ಹೊತ್ತು ಹಿಡಿಯುವ ಕೆಲಸವೂ ನನ್ನದೇ.
ಬಜರ್ ಇಲ್ಲ. ಕಂಬಕ್ಕೆ ತೂಗುಬಿಟ್ಟ ರೈಲುಪಟ್ಟಿಯ ತುಂಡು,
ಕೈಯಲ್ಲೊಂದು ಸುತ್ತಿಗೆ.

ಮೂರು ದಿನ, ಏಳು ಕಾಲೇಜು.
ಭಟ್ಕಳದವರು ಮೊದಲ ದಿನವೇ ಸೋತು ಸಂಜೆಯ ರೈಲಿಗೆ ಓಡಿದರು.
ದಾಂಡೇಲಿಯವರು ಸೆಮಿಯಲ್ಲಿ ರೆಫರಿಗೆ ಬೈದು ಹೋದರು.
ಕುಮಟೆಯ ಕ್ಯಾಪ್ಟನ್ ಹರಿದ ಶೂಗೆ
ಗೋಣಿದಾರ ಸುತ್ತಿಕೊಂಡು ಆಡಿದಳು,
ಚೆನ್ನಾಗಿಯೇ ಆಡಿದಳು.
ಉಳಿದದ್ದು ನಾವು, ಮತ್ತೆ ಶಿರಸಿ.

ದೇವಿಮನೆ ಘಟ್ಟದ ತಿರುವುಗಳಲ್ಲಿ
ಬಸ್ಸಿನ ಕಿಟಕಿಗೆ ತಲೆ ಹಾಕಿ
ಹೊಟ್ಟೆ ಬರಿದು ಮಾಡಿಕೊಂಡು ಇಳಿದುಬಂದ ಹುಡುಗಿಯರು.
ನಮ್ಮ ಗಾಳಿ ಅವರಿಗೆ ಮೊದಲು ತಿಳಿಯಲಿಲ್ಲ.
ಮಧ್ಯಾಹ್ನ ಮೂರಕ್ಕೆ ಕಡಲು ಉಸಿರು ಬಿಡುತ್ತದೆ,
ಬುಟ್ಟಿಗೆ ಗುರಿಯಿಟ್ಟ ಚೆಂಡು ಒಂದು ಗೇಣು ಮೂಡಕ್ಕೆ ಸರಿಯುತ್ತದೆ.
ನಮ್ಮವರು ಆ ಗೇಣನ್ನು ಪಡುವಕ್ಕೆ ಬಿಟ್ಟೇ ಎಸೆಯುತ್ತಾರೆ,
ಹೇಳಿಕೊಟ್ಟವರಿಲ್ಲ.
ಫೈನಲ್ಲಿನ ಹೊತ್ತಿಗೆ ಅವರ ಜೂಲಿಯಾನಾ ಸಿದ್ದಿಯೂ
ನೋಡಿ ನೋಡಿ ಕಲಿತುಬಿಟ್ಟಿದ್ದಳು.

ಅವರದು ನಲವತ್ತೆರಡು, ನಮ್ಮದು ನಲವತ್ತೊಂದು.
ಗಾಳಿಮರದ ಕೆಳಗೆ ಕುಳಿತ ಜನ ಎದ್ದು
ಸುಣ್ಣದ ಗೆರೆಯ ಮೇಲೆಯೇ ಬಂದು ನಿಂತರು.
ಪ್ರಿನ್ಸಿಪಾಲರ ಕೋಕಂ ಲೋಟ ಕೈಯಲ್ಲೇ ವಾಲಿ
ಬಿಳಿ ಅಂಗಿ ಕೆಂಪಾದದ್ದು ಅವರಿಗೇ ಗೊತ್ತಿಲ್ಲ.
ಚೆಂಡು ಸುಲಕ್ಷಾ ತಾಂಡೇಲಳ ಕೈಗೆ ಬಂತು.
ಬೈತಖೋಲದ ಹುಡುಗಿ. ಬಲೆ ಎಳೆದ ಮನೆತನದ ಭುಜ.
ಒಮ್ಮೆ ಪುಟಿಸಿದಳು, ಇನ್ನೊಮ್ಮೆ,
ನನ್ನ ಅಂಗೈಯಲ್ಲಿ ಮುಳ್ಳು ಅರವತ್ತಕ್ಕೆ ಬಂತು.

ಬಂತು. ದಾಟಿತು.
ಸುತ್ತಿಗೆ ಮೇಲೆಯೇ ಇತ್ತು.

ಯಾರೂ ಹೇಳಿರಲಿಲ್ಲ. ಯಾರೂ ಏನೂ ಕೊಟ್ಟಿರಲಿಲ್ಲ.
ಇಪ್ಪತ್ತೆರಡು ವರ್ಷ, ಅರ್ಧ ಸೆಕೆಂಡು ತಪ್ಪಿದರೂ
'ಮತ್ತೆ ತೂಗಿಬಿಡು ಮಾರಾಯ' ಎಂದು
ಹುಡುಗರ ಲೋಲಕ ಹಿಡಿದು ನಿಲ್ಲಿಸಿದ ಕೈ
ಅಲ್ಲೇ, ಗಾಳಿಯಲ್ಲಿ, ಚೌಕಾಸಿಗೆ ನಿಂತಿತು.
ಅವಳು ಜಿಗಿದಳು. ಚೆಂಡು ಬೆರಳು ಬಿಟ್ಟಿತು.
ಆಮೇಲೆ ಬಡಿದೆ.

ಚೆಂಡು ಮೇಲಿರುವಷ್ಟರಲ್ಲೇ
ರೆಫರಿಗೆ ಹೇಳುವ ಮಾತು ಸಿದ್ಧವಾಗಿತ್ತು ನನ್ನಲ್ಲಿ:
ಗಂಟೆಗಿಂತ ಚೆಂಡು ಮೊದಲು ಸಾರ್.
ಸುಳ್ಳಲ್ಲ ಅದು.

ಅದೇ ಗಳಿಗೆಗೆ ಗಾಳಿ ಬಿದ್ದುಹೋಯಿತು.
ಗಾಳಿಮರಗಳು ಸುಮ್ಮನಾದವು, ಮೂರು ದಿನದಲ್ಲಿ ಮೊದಲ ಸಲ.
ಪಡುವಕ್ಕೆಂದು ಬಿಟ್ಟ ಗೇಣು ಪಡುವಕ್ಕೇ ಉಳಿದು
ಚೆಂಡು ಉಂಗುರದ ಹೊರ ಅಂಚಿಗೆ ಬಡಿದು
ಕೆಳಗೆ.
ಜೂಲಿಯಾನಾ ಅದನ್ನು ಹೊಟ್ಟೆಗವಚಿಕೊಂಡು
ಸಿಮೆಂಟಿನ ಮೇಲೆ ಕುಕ್ಕರಗಾಲಲ್ಲಿ ಕುಳಿತೇ ಇದ್ದಳು,
ಆಟ ಮುಗಿದದ್ದನ್ನು ಇನ್ನೂ ನಂಬದೆ.

ನನ್ನನ್ನು ಯಾರೂ ಏನೂ ಕೇಳಲಿಲ್ಲ.
ವಾಚಿಗೆ ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟು
ಬೀಗ ಹಾಕಿ, ಮತ್ತೊಮ್ಮೆ ಎಳೆದು ನೋಡಿ ಬಂದೆ.

ಬುಧವಾರ ಮೀನುಪೇಟೆಯಲ್ಲಿ ಸುಲಕ್ಷಾಳ ಆಯಿ
ಹತ್ತು ಬಂಗಡೆ ಎಣಿಸುತ್ತ ಎಂದಳು:
'ಒಂದೇ ಒಂದು ಗಳಿಗೆ ಜಾಸ್ತಿ ಸಿಕ್ಕಿದ್ದರೆ
ಹಾಕೇ ಬಿಡುತ್ತಿತ್ತಂತೆ ಹುಡುಗಿ.'
ನಾನು ಚೀಲದ ಬಾಯಿ ಬಿಡಿಸುತ್ತ ನಿಂತೆ.
'ನೀವು ಅಲ್ಲೇ ಇದ್ದಿರಲ್ಲ ಗುನಗೀರೇ' ಎನ್ನುತ್ತ
ಕೇಳದೆಯೇ, ಹನ್ನೊಂದನೆಯದೊಂದು
ಮೇಲಿಂದ ಹಾಕಿದಳು. ಕೊಸರು.

ಚಿಕ್ಕದು. ಕಣ್ಣಿನ್ನೂ ತಿಳಿಯಾಗಿತ್ತು.
ಬೇಡವೆನ್ನಲು ಬಾಯಿ ತೆರೆದೆ;
ಹಿಂದೆ ನಿಂತವರು ತಳ್ಳಿದರು.