ಲಾಭ

ಇಪ್ಪತ್ತೇಳು ವರ್ಷದಿಂದ ಈ ಬೀಗದ ಕೈ ನನ್ನ ಸೊಂಟದಲ್ಲಿ.
ವಿಶ್ವವಿದ್ಯಾಲಯದ ಫಿಸಿಕ್ಸ್ ಲ್ಯಾಬು, ಕೋಲಾರದ ಹೊರಗೆ;
ಕಿಟಕಿ ತೆಗೆದರೆ ಅಂತರಗಂಗೆ ಬೆಟ್ಟದ ಬಂಡೆ.
ಅಟೆಂಡರು ಕದಿರಪ್ಪ ಅಂದರೆ ಹುಡುಗರಿಗೆಲ್ಲ ಗೊತ್ತು,
ಯಾಕೆಂದರೆ ಹಳೇ ರೆಕಾರ್ಡು ಪುಸ್ತಕ ಇರೋದು
ನನ್ನ ಬೀರುವಿನ ಕೆಳಗಿನ ಅರೆಯಲ್ಲಿ.

ಒಂಬತ್ತು ಪಾಯಿಂಟ್ ಎಂಟು.
ಲೋಲಕ ಕಟ್ಟುವ ಮೊದಲೇ ಉತ್ತರ ಬರೆದಾಗಿರುತ್ತಿತ್ತು.
ಅಲ್ಲಿಂದ ಹಿಂದಕ್ಕೆ ನಡೆದು ಅಳತೆ ಹೊಂದಿಸುತ್ತಿದ್ದರು,
ಮದುವೆ ಗೊತ್ತಾದ ಮೇಲೆ ಜಾತಕ ಬರೆಸಿದ ಹಾಗೆ.
ದಾರವನ್ನು ಯಾವತ್ತೋ ಇಲಿ ತಿಂದಿತ್ತು.
ಆದರೂ ವರ್ಷಾ ವರ್ಷಾ ಭೂಮಿ
ಕೂದಲೆಳೆಯಷ್ಟೂ ತಪ್ಪದೆ ಎಳೆಯುತ್ತಿತ್ತು.

ಆಯೆಷಾ ಸಿದ್ದೀಖಾ ಮೇಡಂ ಬಂದದ್ದು ಆಷಾಢದಲ್ಲಿ.
ಅತಿಥಿ ಉಪನ್ಯಾಸಕಿ.
ಎಂಥ ಅತಿಥಿ, ಸಂಬಳ ಮೂರು ತಿಂಗಳಿಗೊಮ್ಮೆ.
ಮೊದಲ ದಿನವೇ ಆ ಪುಸ್ತಕ ಕೇಳಿದರು. ಕೊಟ್ಟೆ.
ಬೈಯಲಿಲ್ಲ. ಪುಟ ತಿರುವಿದರು,
"ಅಕ್ಷರ ಚೆನ್ನಾಗಿದೆ" ಅಂದರು,
ಅಲುಗಾಡೋ ಮೇಜಿನ ಕಾಲಿಗೆ ಒತ್ತುಕೊಟ್ಟರು.

"ಕದಿರಪ್ಪ, ಮೂವತ್ತು ಗುಂಡು ಬೇಕಲ್ಲ."
ಇಂಡೆಂಟು ಹೋಯಿತು. ಮೂರು ಕೊಟೇಶನ್ ಇಲ್ಲವೆಂದು ಬಂತು.
ಮತ್ತೆ ಹೋಯಿತು. ಸಹಿ ಓರೆಯಾಗಿದೆಯೆಂದು ಬಂತು.
ಶನಿವಾರ ನಾನೇ ಸೈಕಲ್ ಹತ್ತಿದೆ.
ಟೊಮೆಟೊ ಲಾರಿಗಳ ಸವೆದ ಬೇರಿಂಗು ಒಡೆಸಿ,
ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು,
ಒಂದೊಂದಕ್ಕೂ ಕೊಕ್ಕೆ ಬೆಸೆಸಿ ತಂದೆ.
ದಾರ? ನನ್ನ ಹೆಂಡತಿ ನೂಲು ಬಿಚ್ಚಲು ಹೋಗುವ ಕಡೆಯಿಂದ
ಒಂದು ಲಡಿ ರೇಷ್ಮೆ.
ಬಿಲ್ಲಿಲ್ಲ. ಯಾರೂ ಕೇಳಲೂ ಇಲ್ಲ.

ಆ ಸೋಮವಾರ ಬೋರ್ಡಿನ ತುಂಬ ತಪ್ಪು ಉತ್ತರ.
ಹತ್ತು ಪಾಯಿಂಟ್ ಎಂಟು, ಹತ್ತು ಪಾಯಿಂಟ್ ಒಂಬತ್ತು,
ಒಬ್ಬನದು ಹನ್ನೊಂದು.
"ಭೂಮಿ ಕುಡಿದಿದೆಯೇನ್ರೋ?" ಅಂದರು ಮೇಡಂ.
ಅಳಿಸಲಿಲ್ಲ.
ಚಲಪತಿಯನ್ನು ಕರೆದು, ಎಣಿಸು, ಎಲ್ಲರಿಗೂ ಕೇಳಲಿ ಅಂದರು.
ರಾತ್ರಿಯೆಲ್ಲ ಎಪಿಎಂಸಿಯಲ್ಲಿ ಕ್ರೇಟು ಎಣಿಸಿ
ಬೆಳಿಗ್ಗೆ ಕ್ಲಾಸಿಗೆ ಬರುವ ಹುಡುಗ;
ಗುಂಡು ಬಿಟ್ಟವನೇ ಗಟ್ಟಿಯಾಗಿ ಅಂದ:
"ಲಾಭ! ಎರಡು, ಮೂರು..."

ಮೇಡಂ ನಕ್ಕರು ನೋಡಿ, ಡೆಸ್ಕು ಹಿಡಿದುಕೊಂಡು.
"ಸಿಕ್ಕಿತು ಕಳ್ಳ! ಬಿಟ್ಟಾಗ ಏನೂ ತೂಗಿಲ್ಲ ಕಣೋ.
ಮಂಡಿಯಲ್ಲಿ ಲಾಭ ಅಂದರೆ ಒಂದು,
ಇಲ್ಲಿ ಲಾಭ ಅಂದರೆ ಸೊನ್ನೆ.
ನನ್ನ ಸಂಬಳದ ಹಾಗೆ."

ನಗು ನಿಂತ ಮೇಲೆ ಹಿಂದಿನ ಬೆಂಚಿನಿಂದ ಅರುಳ್‌ಸೆಲ್ವಿ,
ಅಲ್ಲಿಯವರೆಗೆ ಬಾಯಿ ಬಿಡದವಳು, ಎದ್ದಳು.
"ನಮ್ ತಾತ ಕೆಜಿಎಫ್ ಗಣಿಯಲ್ಲಿ
ಎರಡು ಮೈಲಿ ಕೆಳಗೆ ಇಳೀತಿದ್ರು ಮೇಡಂ.
ಅಲ್ಲಿ ಇದು ಬೇಗ ತೂಗುತ್ತಾ, ನಿಧಾನಾನಾ?"

"ಪುಸ್ತಕ ನಿಧಾನ ಅನ್ನುತ್ತೆ.
ಆದರೆ ಪುಸ್ತಕಕ್ಕೆ ಭೂಮಿ ಅಂದರೆ
ಒಂದೇ ಹದಕ್ಕೆ ತೊಳಸಿದ ರಾಗಿಮುದ್ದೆ.
ನಡುವೆ ಗಂಟಿದ್ದರೆ? ಮೇಲೆ ಮೆದು, ಒಳಗೆ ಗಟ್ಟಿ ಇದ್ದರೆ?"
ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತರು.
ಆಮೇಲೆ ಅಂದರು, "ನನಗೂ ಗೊತ್ತಿಲ್ಲಮ್ಮ. ಲೆಕ್ಕ ಹಾಕೋಣ, ಬಾ."

ಇಪ್ಪತ್ತೇಳು ವರ್ಷ.
ಈ ಕೋಣೆಯಲ್ಲಿ ಫ್ಯೂಸು ಹೋದದ್ದು ಕೇಳಿದ್ದೇನೆ,
ಗಾಜು ಒಡೆದದ್ದು, ಒಮ್ಮೆ ಡೀನರು ಸೀನಿದ್ದು.
ಆ ಮಾತು ಮಾತ್ರ ಅವತ್ತೇ ಮೊದಲು.

ಬೆಲ್ಲು ಹೊಡೆದರೂ ಯಾರೂ ಏಳಲಿಲ್ಲ.
ಕಸ ಗುಡಿಸಲು ಬಂದ ಮುನಿಲಕ್ಷ್ಮಮ್ಮ ಪೊರಕೆ ಹಿಡಿದು
ಬಾಗಿಲಲ್ಲೇ ನಿಂತು ಬೋರ್ಡು ನೋಡುತ್ತಿದ್ದಳು.

ಎಲ್ಲರೂ ಹೋದ ಮೇಲೆ ಬೀಗ ಹಾಕಬೇಕಿತ್ತು.
ಒಂದು ದಾರ ಇನ್ನೂ ತೂಗುಬಿದ್ದಿತ್ತು.
ನಾನು ಎಂಟನೇ ಕ್ಲಾಸು, ಲೆಕ್ಕದಲ್ಲಿ ಫೇಲು.
ಬೆಟ್ಟದ ಕಡೆ ಒಮ್ಮೆ ನೋಡಿ, ಗುಂಡು ಎಳೆದು, ಬಿಟ್ಟೆ.
ಲಾಭ, ಒಂದು, ಎರಡು...
ಇಪ್ಪತ್ತಕ್ಕೆ ನಲವತ್ತು ಸೆಕೆಂಡು, ಮೇಲೆ ಒಂಚೂರು.

ಆ ಒಂಚೂರು ಎಷ್ಟು ಅಂತ
ಮತ್ತೆ ಬಿಟ್ಟೆ.